ಗೋಡೆಯೊಳಗಿನ ಬಂದರು: ನಡೆದು ನೋಡಲು ಯಾವುದು?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 64. ಬೀದರಿನ ಹಳೆಯ ಊರಿನಲ್ಲಿ, ಊರ ನಡುವಿನ ಕಾವಲು ಗೋಪುರ ಚೌಬಾರದ ಹತ್ತಿರವೇ ಹುಟ್ಟಿ ಬೆಳೆದವನು. ಕೋಟೆಗೋಡೆಯೊಳಗಿನ ಹಳೆಯ ಬಂದರು ಪಟ್ಟಣವೊಂದನ್ನು ಪತ್ನಿಯೊಡನೆ ನಡೆದೇ ನೋಡಬೇಕೆಂಬ ಆಸೆ ಬಹಳ ದಿನಗಳಿಂದ ಇದೆ. ಮಗಳು ಕ್ರೊವೇಷಿಯಾದ ದುಬ್ರೋವ್ನಿಕ್ ಎನ್ನುತ್ತಾಳೆ, ಗೆಳೆಯರು ಗುಜರಾತ್ ತೀರದ ದಿಯು ಸಾಕು ಎನ್ನುತ್ತಾರೆ, ನನ್ನ ಮನಸ್ಸು ಶ್ರೀಲಂಕಾದ ಗಾಲೆಯ ಮೇಲಿದೆ. ಪತ್ನಿಗೆ ಮೊಣಕಾಲು ನೋವಿದೆ. ಸಮತಟ್ಟಾದ ದಾರಿಯಲ್ಲಿ ಒಂದೆರಡು ಗಂಟೆ ನಡೆಯಬಲ್ಲಳು, ಮೆಟ್ಟಿಲು ಹತ್ತುವುದು ಕಷ್ಟ. ಯಾವುದನ್ನು ಆರಿಸಿಕೊಳ್ಳಬೇಕು?
— ಓದುಗರೊಬ್ಬರು, ಬೀದರ್

ಉತ್ತರ: ಗಾಲೆಗೇ ಹೋಗಿ ಬನ್ನಿ, ಗುರುಗಳೇ. ನಿಮ್ಮ ಮನಸ್ಸು ಅಲ್ಲಿದೆ ಎಂಬ ಒಂದೇ ಕಾರಣಕ್ಕೆ ಹೀಗೆ ಹೇಳುತ್ತಿಲ್ಲ. ಫತೇ ದರ್ವಾಜದಿಂದ ಚೌಬಾರದವರೆಗೆ ದಿನವೂ ನಡೆದವರಿಗೆ ಗೋಡೆ ಹೊಸದಲ್ಲ. ಗೋಡೆಯೊಳಗೆ ಶಾಲೆ, ಮಸೀದಿ, ಕಿರಾಣಿ ಅಂಗಡಿ, ಒಣಹಾಕಿದ ಬಟ್ಟೆ ಎಲ್ಲವೂ ಇದ್ದರಷ್ಟೇ ಅದು ನಿಮಗೆ ಊರು ಎನಿಸುತ್ತದೆ. ಗಾಲೆಯಲ್ಲಿ ಅದು ಇನ್ನೂ ಉಳಿದಿದೆ.

ದುಬ್ರೋವ್ನಿಕ್ ಚೆಲುವಿನಲ್ಲಿ ಯಾವುದಕ್ಕೂ ಕಡಿಮೆಯಲ್ಲ. 1,940 ಮೀಟರ್ ಉದ್ದದ ಅದರ ಗೋಡೆ ಹಳೆಯ ಪಟ್ಟಣವನ್ನು ಪೂರ್ತಿ ಸುತ್ತುವರಿದಿದೆ. ಆದರೆ ಆ ಗೋಡೆಯ ಮೇಲಿನ ನಡಿಗೆಯೆಂದರೆ ಹತ್ತಿ ಇಳಿಯುವ ಮೆಟ್ಟಿಲುಗಳೇ ಹೆಚ್ಚು, ನೆರಳು ಕಡಿಮೆ. ಕೆಳಗಿನ ಮುಖ್ಯ ಬೀದಿ ಸಮತಟ್ಟಾಗಿದ್ದರೂ ಅದರಿಂದ ಉತ್ತರಕ್ಕೆ ಒಡೆಯುವ ಓಣಿಗಳೆಲ್ಲ ಮೆಟ್ಟಿಲುಗಳೇ. ಬೇಸಿಗೆಯಲ್ಲಿ ದೊಡ್ಡ ಪ್ರವಾಸಿ ಹಡಗುಗಳ ಜನ ಒಮ್ಮೆಲೇ ಇಳಿದಾಗ ಜಾತ್ರೆಯ ನೂಕುನುಗ್ಗಲು. ಯುರೋಪಿನ ಷೆಂಗೆನ್ ವೀಸಾ, ಖರ್ಚು ಇವೆಲ್ಲ ಬೇರೆ. ಪತ್ನಿಯವರ ಮೊಣಕಾಲನ್ನು ನೆನೆದು ಇದನ್ನು ಕೈಬಿಡುವುದೇ ಲೇಸು.

ದಿಯುವಿನಲ್ಲಿ ಪೋರ್ಚುಗೀಸರು 1535ರಲ್ಲಿ ಕಟ್ಟಲು ಆರಂಭಿಸಿದ ಕೋಟೆ ಭವ್ಯವಾಗಿದೆ, ಊರ ಗೋಡೆಯ ಝಾಂಪಾ ದರ್ವಾಜವೂ ನಿಂತಿದೆ. ಪಾಸ್‌ಪೋರ್ಟ್ ಇಲ್ಲದವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಅಲ್ಲಿ ಕೋಟೆ ಒಂದು ಕಡೆ, ಊರಿನ ಬದುಕು ಇನ್ನೊಂದು ಕಡೆ.

ಇನ್ನು ಗಾಲೆ. ಪೋರ್ಚುಗೀಸರು 1588ರಲ್ಲಿ ಆರಂಭಿಸಿದ ಕೋಟೆಯನ್ನು 1640ರಲ್ಲಿ ಡಚ್ಚರು ಕಿತ್ತುಕೊಂಡು, ಮುಂದೆ ಕಲ್ಲಿನಲ್ಲಿ ಬಲಪಡಿಸಿದರು. 1796ರಲ್ಲಿ ಅದು ಬ್ರಿಟಿಷರ ಕೈಸೇರಿತು. 1988ರಿಂದ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಒಂದು ಚದರ ಕಿಲೋಮೀಟರಿಗೂ ಕಡಿಮೆ ಜಾಗ, ಬಹುಪಾಲು ಸಮತಟ್ಟು, ನೇರ ಓಣಿಗಳು. ಹಳೆಯ ಹೆಬ್ಬಾಗಿಲಿನಲ್ಲಿ ಒಂದು ನಿಮಿಷ ನಿಲ್ಲಿ: ಹೊರಮುಖದಲ್ಲಿ ಬ್ರಿಟಿಷ್ ರಾಜಲಾಂಛನ, ಒಳಮುಖದಲ್ಲಿ 1669ರ ಇಸವಿಯೊಡನೆ ಡಚ್ ಈಸ್ಟ್ ಇಂಡಿಯಾ ಕಂಪನಿಯ ಲಾಂಛನ, ಅದರ ಮೇಲೊಂದು ಹುಂಜ. ಒಡೆಯರು ಬದಲಾದರೂ ಹಿಂದಿನವರ ಗುರುತನ್ನು ಕೆತ್ತಿ ತೆಗೆಯಲಿಲ್ಲ. ಲೇನ್ ಬಾನ್ ಬೀದಿಯ ಹೆಸರು ಹಗ್ಗ ಹೊಸೆಯುವ ಜಾಗ ಎಂಬ ಅರ್ಥದ ಡಚ್ ಮಾತಿನಿಂದ ಬಂದದ್ದು. ಸಮುದ್ರದ ಉಬ್ಬರದ ನೀರಿನಿಂದಲೇ ತೊಳೆದುಹೋಗುವಂತೆ ಡಚ್ಚರು ನೆಲದಡಿಯಲ್ಲಿ ಚರಂಡಿ ಕಟ್ಟಿದ್ದರೆಂಬುದು ನನಗೆ ಚರ್ಚು, ದೀಪಸ್ತಂಭಗಳಿಗಿಂತಲೂ ಹೆಚ್ಚು ಬೆರಗು ಹುಟ್ಟಿಸಿದ ಸಂಗತಿ. 2004ರ ಸುನಾಮಿಯಲ್ಲಿ ಹೊರಗಿನ ಹೊಸ ಊರು ಬಹಳ ಹಾನಿಗೊಂಡರೂ ಗೋಡೆಯೊಳಗಿನ ಊರು ಹೆಚ್ಚುಕಡಿಮೆ ಉಳಿದುಕೊಂಡಿತು.

ಗೋಡೆಯ ಮೇಲೆ ಸಂಜೆ ಐದರ ನಂತರ ಹೋಗಿ. ಭೂಮಿಯ ಕಡೆಗೆ ನಕ್ಷತ್ರ, ಚಂದ್ರ, ಸೂರ್ಯ ಎಂಬ ಹೆಸರಿನ ಮೂರು ಬುರುಜುಗಳಿವೆ. ಅಲ್ಲಿಂದ ಕ್ರಿಕೆಟ್ ಮೈದಾನ ಅಂಗೈ ಮೇಲಿನಂತೆ ಕಾಣುತ್ತದೆ, ಟೆಸ್ಟ್ ಪಂದ್ಯವಿದ್ದ ದಿನ ಊರವರು ಅಲ್ಲೇ ಹುಲ್ಲಿನ ಮೇಲೆ ಕುಳಿತು ನೋಡುವುದೂ ಉಂಟು. ಸಮುದ್ರದ ಅಂಚಿನಲ್ಲಿ ಬಹಳ ಕಡೆ ತಡೆಗೋಡೆ ಇಲ್ಲ, ಆದ್ದರಿಂದ ಪತ್ನಿಯವರ ಕೈ ಬಿಡಬೇಡಿ.

ಡಿಸೆಂಬರಿನಿಂದ ಮಾರ್ಚಿಯವರೆಗೆ ಅಲ್ಲಿ ಮಳೆ ಕಡಿಮೆ. ಕೊಲಂಬೊದಿಂದ ರೈಲಿನಲ್ಲಿ ಎರಡೂವರೆ ಮೂರು ಗಂಟೆ, ದಾರಿಯುದ್ದಕ್ಕೂ ಕಡಲು. ಹೋಗುವಾಗ ಬಲಗಡೆಯ ಕಿಟಕಿ ಹಿಡಿಯಿರಿ. ಹೊರಡುವ ಮೊದಲು ಕೊಲಂಬೊದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಗಾಲೆಯ ತ್ರಿಭಾಷಾ ಶಾಸನವನ್ನು ತಪ್ಪದೆ ನೋಡಿ. ಚೀನಾದ ನೌಕಾಧಿಪತಿ ಜೆಂಗ್ ಹ ತಂದ, 1409ರ ತೇದಿಯ ಈ ಕಲ್ಲಿನಲ್ಲಿ ಚೀನೀ ಭಾಷೆಯ ಪಾಠ ಬುದ್ಧನಿಗೂ, ತಮಿಳಿನದು ವಿಷ್ಣುವಿಗೂ, ಪಾರ್ಸಿಯದು ಅಲ್ಲಾಹನಿಗೂ ಕಾಣಿಕೆ ಅರ್ಪಿಸುತ್ತದೆ. ಇದಾದ ಕೆಲವು ದಶಕಗಳ ಮೇಲೆ ಇರಾನಿನ ಗೀಲಾನ್ ಪ್ರಾಂತ್ಯದ ವ್ಯಾಪಾರಿ ಮಹಮೂದ್ ಗವಾನ್ ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದು ನಿಮ್ಮೂರಿಗೆ ಬಂದದ್ದು. ನಿಮ್ಮ ಮನೆಯಿಂದ ನಾಲ್ಕು ಹೆಜ್ಜೆಯಲ್ಲಿ ಅವನು ಕಟ್ಟಿಸಿದ ಮದರಸಾಕ್ಕೂ ಆ ಕಲ್ಲಿಗೂ ನಡುವೆ ಇರುವುದು ಒಂದೇ ಕಡಲು.

ಪ್ರಶ್ನೆ: ಫೋರ್ಟ್ ಕೊಚ್ಚಿಗೆ ಹೋಗಿದ್ದೆವು. ಹೆಸರಿನಲ್ಲಿ ಕೋಟೆ ಇದೆ, ಊರಿನಲ್ಲಿ ಮಾತ್ರ ಎಲ್ಲಿಯೂ ಕಾಣಲಿಲ್ಲ. ಏಕೆ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಪೋರ್ಚುಗೀಸರು 1503ರಲ್ಲಿ ಕಟ್ಟಿದ ಇಮ್ಯಾನುಯೆಲ್ ಕೋಟೆಯನ್ನು 1663ರಲ್ಲಿ ಗೆದ್ದ ಡಚ್ಚರು ಅದನ್ನು ಕುಗ್ಗಿಸಿ ಕಟ್ಟಿಕೊಂಡರು, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಗೋಡೆ, ಬುರುಜುಗಳನ್ನು ಉರುಳಿಸಿದರು. ಕಡಲಂಚಿನ ಬಾಸ್ಟಿಯನ್ ಬಂಗಲೆ ನಿಂತಿರುವುದು ಡಚ್ಚರ ಸ್ಟ್ರಾಂಬರ್ಗ್ ಬುರುಜಿನ ಜಾಗದಲ್ಲಿ. ಚೀನೀ ಬಲೆಗಳನ್ನು ನೋಡಲು ಹೋದಾಗ ನೀವು ಅದರ ಹತ್ತಿರವೇ ಹಾದುಹೋಗಿರುತ್ತೀರಿ.