ಓದುಗರ ಪ್ರಶ್ನೆ, ನಮ್ಮ ಉತ್ತರ: ನಾತ್ಸುಮೆ ಮತ್ತು ಅವನ ಯೋಕಾಯ್‌ಗಳು

ಕಳೆದ ಸಂಚಿಕೆಯಲ್ಲಿ ‘ನಾತ್ಸುಮೆ ಯೂಜಿನ್‌ಚೋ’ ಎಂಬ ಜಪಾನೀ ಆನಿಮೆ (ಅನಿಮೇಷನ್) ಸರಣಿಯ ಬಗ್ಗೆ ಕೆಲವು ಸಾಲು ಬರೆದಿದ್ದೆವು. ಜಪಾನಿನ ಜನಪದ ನಂಬಿಕೆಯಲ್ಲಿ ಬರುವ ಯೋಕಾಯ್ ಎಂಬ ಅಗೋಚರ ಜೀವಿಗಳು ನಾತ್ಸುಮೆ ತಕಾಶಿ ಎಂಬ ಅನಾಥ ಹುಡುಗನ ಕಣ್ಣಿಗೆ ಕಾಣುತ್ತವೆ. ಅವನ ಅಜ್ಜಿ ರೇಕೊ ತನ್ನ ಹರೆಯದಲ್ಲಿ ಇಂಥ ಅನೇಕ ಯೋಕಾಯ್‌ಗಳನ್ನು ಪಂದ್ಯದಲ್ಲಿ ಸೋಲಿಸಿ, ಅವುಗಳ ಹೆಸರನ್ನು ಒಂದು ಪುಸ್ತಕದಲ್ಲಿ ಬರೆಸಿಕೊಂಡಿದ್ದಳು. ಆ ಹೆಸರುಗಳನ್ನು ಒಂದೊಂದಾಗಿ ಹಿಂದಿರುಗಿಸುವುದೇ ಮೊಮ್ಮಗನ ಕಥೆ. ಈ ಕುರಿತು ಬಂದ ಪತ್ರಗಳಲ್ಲಿ ಒಂದೇ ವಿಷಯ ಕೇಳಿದವುಗಳನ್ನು ಕೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಈ ಸರಣಿಯ ಯೋಕಾಯ್‌ಗಳೆಲ್ಲ ಜಪಾನಿನ ಜನಪದ ಕಥೆಗಳಲ್ಲಿ ನಿಜವಾಗಿ ಇರುವಂಥವೇ, ಅಥವಾ ಲೇಖಕಿಯ ಕಲ್ಪನೆಯೇ? ಕಪ್ಪಾ ಒಂದನ್ನು ಬಿಟ್ಟರೆ ಉಳಿದವುಗಳ ಹೆಸರು ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ.

ಉತ್ತರ: ತಮಗೆ ಸಿಗದಿರುವುದರಲ್ಲಿ ಆಶ್ಚರ್ಯವಿಲ್ಲ. ಇದರಲ್ಲಿ ಬರುವ ಬಹುಪಾಲು ಯೋಕಾಯ್‌ಗಳು ಮೂಲ ಮಾಂಗಾವನ್ನು (ಜಪಾನೀ ಚಿತ್ರಕಥೆಯನ್ನು) 2003ರಿಂದ ಬರೆಯುತ್ತಿರುವ ಯುಕಿ ಮಿದೋರಿಕಾವಾ ಅವರ ಸ್ವಂತ ಸೃಷ್ಟಿಗಳು. ನೆತ್ತಿಯ ಮೇಲಿನ ತಟ್ಟೆಯಲ್ಲಿ ನೀರು ಒಣಗಿದರೆ ಶಕ್ತಿಗುಂದುವ ಕಪ್ಪಾ ಜನಪದದಿಂದ ನೇರವಾಗಿ ಬಂದದ್ದು. ಬಿಸಿಲಿನಲ್ಲಿ ಒಣಗಿ ದಾರಿಯಲ್ಲಿ ಬಿದ್ದಿರುವ ಕಪ್ಪಾದ ತಲೆಗೆ ನಾತ್ಸುಮೆ ನೀರು ಸುರಿಯುವುದನ್ನು ತಾವು ನೋಡಿರಬಹುದು. ಆದರೆ ಒಕ್ಕಣ್ಣಿನವರು, ಮುಖಕ್ಕೆ ಕಾಗದ ಕಟ್ಟಿಕೊಂಡವರು, ಕಿಮೋನೊ ತೊಟ್ಟು ಮರದ ಮೇಲೆ ಕುಳಿತವರು ಯಾವ ಹಳೆಯ ಪಟ್ಟಿಯಲ್ಲಿಯೂ ಅದೇ ಹೆಸರಿನಲ್ಲಿ ಸಿಗುವುದಿಲ್ಲ.

ಅಂಥ ಪಟ್ಟಿಗಳು ಜಪಾನಿನಲ್ಲಿ ಧಾರಾಳವಾಗಿ ಇವೆ. 1776ರಲ್ಲಿ ತೊರಿಯಾಮಾ ಸೆಕಿಯೆನ್ ಎಂಬ ಚಿತ್ರಕಾರ ಯೋಕಾಯ್‌ಗಳನ್ನು ಚಿತ್ರಿಸಿ, ಒಂದೊಂದಕ್ಕೂ ಹೆಸರು ಬರೆದು ಪುಸ್ತಕವಾಗಿ ಪ್ರಕಟಿಸಿದ. ಇಂದು ನಾವು ಆನಿಮೆಗಳಲ್ಲಿ ಕಾಣುವ ಎಷ್ಟೋ ಯೋಕಾಯ್‌ಗಳ ರೂಪ ಅವನ ಕುಂಚದಿಂದಲೇ ಬಂದದ್ದು. 1910ರಲ್ಲಿ ಯಾನಾಗಿತಾ ಕುನಿಯೊ ಅವರು ಈಶಾನ್ಯ ಜಪಾನಿನ ತೋನೊ ಪ್ರದೇಶದ 119 ಐತಿಹ್ಯಗಳನ್ನು ‘ತೋನೊ ಮೊನೊಗತಾರಿ’ ಎಂಬ ಸಂಗ್ರಹದಲ್ಲಿ ಮುದ್ರಿಸಿದರು. ಜಪಾನಿನ ಜಾನಪದ ಅಧ್ಯಯನ ಅಲ್ಲಿಂದ ಗಟ್ಟಿಯಾಗಿ ಬೇರೂರಿತು ಎನ್ನುತ್ತಾರೆ. ಮಿದೋರಿಕಾವಾ ಈ ಪಟ್ಟಿಗಳಿಂದ ಪಾತ್ರಗಳನ್ನು ಎತ್ತಿಕೊಂಡಿದ್ದು ಕಡಿಮೆ. ಅವರು ಎತ್ತಿಕೊಂಡದ್ದು ಜನಪದ ಲೋಕದ ಕಟ್ಟುಪಾಡುಗಳನ್ನು: ಹೆಸರು ಕೊಟ್ಟವರು ಅಧೀನರಾಗುತ್ತಾರೆ, ನೈವೇದ್ಯ ನಿಂತರೆ ದೈವ ಸೊರಗುತ್ತದೆ, ಹಗ್ಗ ಕಟ್ಟಿ ಮುದ್ರೆ ಹಾಕಿದ ಜಾಗವನ್ನು ದಾಟಿದರೆ ಒಳಗಿರುವುದು ಹೊರಬರುತ್ತದೆ, ಕೊಟ್ಟ ಮಾತನ್ನು ಮನುಷ್ಯ ಮರೆತರೂ ಯೋಕಾಯ್ ಮರೆಯುವುದಿಲ್ಲ. ಪಾತ್ರಗಳು ಹೊಸವಾದರೂ ಕಥೆಗಳು ಹಳೆಯವೆನಿಸುವುದಕ್ಕೆ ಇದೇ ಕಾರಣವೆಂದು ನನ್ನ ಅಭಿಪ್ರಾಯ. ಪ್ರಸಿದ್ಧ ಯೋಕಾಯ್‌ಗಳನ್ನು ಸಾಲಾಗಿ ಮೆರವಣಿಗೆ ಮಾಡಿಸುವ ಸರಣಿಗಳು ಬೇಕಾದಷ್ಟಿವೆ, ಅವುಗಳಲ್ಲಿ ಜನಪದದ ವೇಷಭೂಷಣವೇ ಹೆಚ್ಚು, ಜೀವ ಕಡಿಮೆ.

ಇದಕ್ಕೆ ಒಳ್ಳೆಯ ಉದಾಹರಣೆ ಮೊದಲ ಸೀಸನ್ನಿನ ಎರಡನೆಯ ಕಂತು. ತ್ಸುಯುಕಾಮಿ ಎಂಬ ಪುಟ್ಟ ದೈವ ಅದರಲ್ಲಿ ಬರುತ್ತಾನೆ. ಅವನು ಹುಟ್ಟಿನಿಂದ ದೈವವಲ್ಲ. ಊರೂರು ಅಲೆಯುತ್ತಿದ್ದ ಯೋಕಾಯ್, ದಾರಿಬದಿಯ ಸಣ್ಣ ಗುಡಿಯೊಂದರಲ್ಲಿ ಬಂದು ನೆಲೆಸಿದವನು. ಬರ ಬಂದಾಗ ಆ ಗುಡಿಗೆ ಕೈಮುಗಿದವರೊಬ್ಬರಿಗೆ ಮಳೆ ಬಂತು. ಅಲ್ಲಿಂದ ಜನ ಪೂಜಿಸತೊಡಗಿದರು, ಪೂಜೆ ಹೆಚ್ಚಿದಂತೆ ಅವನು ಬೆಳೆದ. ಕಾಲ ಸರಿದು ಬರುವವರು ಕಡಿಮೆಯಾದಂತೆ ಕುಗ್ಗುತ್ತಾ ಹೋಗಿ, ನಾತ್ಸುಮೆ ನೋಡುವ ಹೊತ್ತಿಗೆ ಅಂಗೈ ಮೇಲೆ ನಿಲ್ಲುವಷ್ಟು ಚಿಕ್ಕವನಾಗಿದ್ದಾನೆ. ಅವನಿಗೆ ಉಳಿದಿರುವುದು ಹಾನಾ ಎಂಬ ಒಬ್ಬಳೇ ಮುದುಕಿಯ ಭಕ್ತಿ. ಆಕೆ ತೀರಿಕೊಂಡರೆ ಅವನೂ ಇಲ್ಲವಾಗುತ್ತಾನೆ. ಇನ್ನು ಮುಂದೆ ತಾನೇ ಪೂಜಿಸುತ್ತೇನೆಂದು ನಾತ್ಸುಮೆ ಹೇಳಿದಾಗ, ನೀನು ನನ್ನ ಗೆಳೆಯ, ಆದ್ದರಿಂದ ಅದು ಆಗದು ಎಂಬ ಅರ್ಥದ ಮಾತನ್ನಾಡಿ ತ್ಸುಯುಕಾಮಿ ಒಪ್ಪುವುದಿಲ್ಲ. ಯೋಕಾಯ್‌ಗಳೆಂದರೆ ಪೂಜೆ ಕಳೆದುಕೊಂಡು ಕೆಳಗಿಳಿದ ದೈವಗಳು ಎಂಬುದು ಯಾನಾಗಿತಾ ಅವರ ಪ್ರಸಿದ್ಧ ವಾದ. ನಂತರದ ವಿದ್ವಾಂಸರು ಅದನ್ನು ಪೂರ್ತಿ ಒಪ್ಪಿಲ್ಲ, ಯೋಕಾಯ್ ದೈವವಾಗಿ ಮೇಲೇರಿದ್ದೂ ಉಂಟು ಎಂದಿದ್ದಾರೆ. ಇಪ್ಪತ್ತು ಚಿಲ್ಲರೆ ನಿಮಿಷದ ಈ ಕಂತಿನಲ್ಲಿ ಏರಿಕೆ ಇಳಿಕೆ ಎರಡೂ ಇವೆ, ಮತ್ತು ಯಾರೂ ಉಪನ್ಯಾಸ ಕೊಡುವುದಿಲ್ಲ.

ಪ್ರಶ್ನೆ: ಹೆಸರು ಬರೆದ ಕಾಗದ ಕೈಯಲ್ಲಿದ್ದ ಮಾತ್ರಕ್ಕೆ ಅಷ್ಟು ಬಲಶಾಲಿ ಜೀವಿಗಳು ಹೇಳಿದಂತೆ ಕೇಳುವುದೇಕೆ? ಇದು ಕಥೆಯ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡೆನಿಸುತ್ತದೆ.

ಉತ್ತರ: ಏರ್ಪಾಡು ಹೌದು, ಆದರೆ ಅದರ ಬೇರು ಬಹಳ ಹಳೆಯದು. ಎಂಟನೆಯ ಶತಮಾನದಲ್ಲಿ ಸಂಕಲನಗೊಂಡ ‘ಮಾನ್‌ಯೋಶು’ ಕಾವ್ಯಸಂಗ್ರಹದ ಮೊತ್ತಮೊದಲ ಪದ್ಯದಲ್ಲಿ, ಗುಡ್ಡದ ಮೇಲೆ ಸೊಪ್ಪು ಕೀಳುತ್ತಿರುವ ಹುಡುಗಿಯೊಬ್ಬಳನ್ನು ಚಕ್ರವರ್ತಿ ಯೂರ್ಯಾಕು ನಿನ್ನ ಮನೆ ಯಾವುದು, ಹೆಸರೇನು ಎಂದು ಕೇಳುತ್ತಾನೆ. ಅಂದಿನ ರೂಢಿಯಲ್ಲಿ ಹೆಣ್ಣು ತನ್ನ ಹೆಸರು ಹೇಳಿದಳೆಂದರೆ ಮದುವೆಗೆ ಒಪ್ಪಿದಂತೆಯೇ ಲೆಕ್ಕ. ಆಸ್ಥಾನದ ಹೆಂಗಸರ ನಿಜನಾಮಗಳು ಬಹುತೇಕ ದಾಖಲಾಗಿಲ್ಲ. ‘ಗೆಂಜಿಯ ಕಥೆ’ ಬರೆದ ಮುರಾಸಾಕಿ ಶಿಕಿಬು ಅವರನ್ನು ಕೂಡ ನಾವು ಇಂದಿಗೂ ಅಡ್ಡಹೆಸರಿನಿಂದಲೇ ಬಲ್ಲೆವು. ಹೀಗೆ ಹೆಸರನ್ನು ಕಾಪಾಡಿಕೊಂಡು ಬಂದ ಸಮಾಜದಲ್ಲಿ, ಹೆಸರು ಬರೆದುಕೊಟ್ಟ ಯೋಕಾಯ್ ತನ್ನನ್ನೇ ಒಪ್ಪಿಸಿಬಿಟ್ಟಿತೆಂದು ನಂಬುವುದು ದೊಡ್ಡ ಜಿಗಿತವಲ್ಲ.

ಹೆಸರು ಹಿಂದಿರುಗಿಸುವ ಕ್ರಮವನ್ನು ಮಾತ್ರ ಗಮನವಿಟ್ಟು ನೋಡಬೇಕು. ನಾತ್ಸುಮೆ ಎದುರಿಗಿರುವ ಯೋಕಾಯ್‌ನ ರೂಪವನ್ನು ಮನಸ್ಸಿನಲ್ಲಿ ನೆನೆಯುತ್ತಾನೆ, ಪುಸ್ತಕ ತಾನಾಗಿ ತಿರುವಿಕೊಂಡು ಬೇಕಾದ ಹಾಳೆ ನೆಟ್ಟಗೆ ನಿಲ್ಲುತ್ತದೆ. ಆ ಹಾಳೆಯನ್ನು ಹರಿದು ಬಾಯಲ್ಲಿ ಕಚ್ಚಿ, ಗುಡಿಯ ಮುಂದೆ ಮಾಡುವಂತೆ ಎರಡೂ ಕೈ ತಟ್ಟಿ ಜೋಡಿಸಿ, ಉಸಿರು ಬಿಡುತ್ತಾನೆ. ಮಸಿಯ ಅಕ್ಷರಗಳು ಕಾಗದದಿಂದ ಬಿಡಿಸಿಕೊಂಡು ಹರಿದು ಯೋಕಾಯ್‌ನ ಹಣೆಯನ್ನು ಸೇರುತ್ತವೆ. ಅದೇ ಕ್ಷಣದಲ್ಲಿ ಆ ಯೋಕಾಯ್ ಕಂಡ ರೇಕೊಳ ನೆನಪು ಅವನೊಳಗೆ ಬರುತ್ತದೆ. ಹುಡುಗ ತನ್ನ ಅಜ್ಜಿಯನ್ನು ನೋಡಿದವನೇ ಅಲ್ಲ. ಬಂಧುಗಳು ಆಕೆಯ ವಿಷಯವೆತ್ತುವುದು ಅಪರೂಪ. ಆದ್ದರಿಂದ ಪ್ರತಿ ಸಲ ಹಾಳೆಯೊಂದು ಖಾಲಿಯಾದಾಗ ಆಕೆಯ ಒಂದು ಚೂರು ಅವನಿಗೆ ದಕ್ಕುತ್ತದೆ, ಮತ್ತು ಆ ಚೂರುಗಳಲ್ಲಿ ಕಾಣುವ ಹುಡುಗಿ ಅವನಿಗಿಂತಲೂ ಒಂಟಿ. ಇಡೀ ಸರಣಿಯ ಜಾಣ್ಮೆ ಇಲ್ಲಿದೆ ಎಂದು ನಾನು ಭಾವಿಸುತ್ತೇನೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ಕಂತು ನೋಡಿ, ‘ಇದರಲ್ಲಿ ಏನೂ ನಡೆಯುವುದೇ ಇಲ್ಲ’ ಎಂದು ಎದ್ದುಹೋದರು. ನನಗೋ ಬಿಡಲಾಗುತ್ತಿಲ್ಲ. ಏನೂ ನಡೆಯದ ಕಥೆ ಹಿಡಿದಿಡುವುದು ಹೇಗೆ?

ಉತ್ತರ: ಎದ್ದುಹೋದವರನ್ನು ಬಲವಂತ ಮಾಡಬೇಡಿ. ದಿನನಿತ್ಯದ ಬದುಕನ್ನು ನಿಧಾನವಾಗಿ ತೋರಿಸಿ ನೋಡುಗರ ಮನಸ್ಸನ್ನು ಹಗುರಗೊಳಿಸುವ ಇಂಥ ಆನಿಮೆಗಳನ್ನು ಜಪಾನಿನಲ್ಲಿ ‘ಇಯಾಶಿಕೇ’ ಎಂದು ಕರೆಯುತ್ತಾರೆ. ಅವು ಎಲ್ಲರ ಅಭಿರುಚಿಗೂ ಹೊಂದುವುದಿಲ್ಲ. ಆದರೆ ಏನೂ ನಡೆಯುವುದಿಲ್ಲವೆಂಬುದು ಸರಿಯಲ್ಲ. ತಂದೆತಾಯಿಯಿಲ್ಲದೆ ಬಂಧುಗಳ ಮನೆಯಿಂದ ಮನೆಗೆ ಸಾಗಹಾಕಲ್ಪಟ್ಟ ಹುಡುಗ, ಯಾರಿಗೂ ಕಾಣದ್ದನ್ನು ಕಂಡೆನೆಂದು ಹೇಳಿ ಸುಳ್ಳುಗಾರನೆನಿಸಿಕೊಂಡವನು, ಕೊನೆಗೆ ಮಕ್ಕಳಿಲ್ಲದ ಫುಜಿವಾರಾ ದಂಪತಿಗಳ ಮನೆ ಸೇರುತ್ತಾನೆ. ತೋಕೊ ಅವರು ಬಿಸಿ ಅಡುಗೆ ಮಾಡಿ ಕಾಯುತ್ತಾರೆ, ಶಿಗೆರು ಅವರು ಹೆಚ್ಚು ಮಾತನಾಡುವುದಿಲ್ಲ. ಇಂಥವರನ್ನು ಕಳೆದುಕೊಳ್ಳುವ ಭಯದಿಂದ ಹುಡುಗ ಯೋಕಾಯ್‌ಗಳ ವಿಷಯ ಬಾಯಿಬಿಡುವುದಿಲ್ಲ. ಮಣ್ಣಾದ ಬಟ್ಟೆಗೂ ಒಡೆದ ಗಾಜಿಗೂ ಏನಾದರೊಂದು ನೆವ ಹೇಳುತ್ತಾನೆ. ಎಷ್ಟು ಹೇಳಬಹುದು, ಯಾರಿಗೆ ಹೇಳಬಹುದು ಎಂಬುದೇ ಸೀಸನ್ನಿನಿಂದ ಸೀಸನ್ನಿಗೆ ಬೆಳೆಯುವ ಕಥೆ.

ಇದಕ್ಕೆ ತಕ್ಕಂತೆ ಅವನ ಸುತ್ತಲಿನವರ ದೃಷ್ಟಿಯೂ ಅಳತೆಯಿಟ್ಟು ಹಂಚಲಾಗಿದೆ. ಸಹಪಾಠಿಗಳಾದ ನಿಶಿಮುರಾ, ಕಿತಾಮೊತೊ ಇಬ್ಬರಿಗೂ ಏನೂ ಕಾಣದು. ತಾಕಿ ಎಂಬ ಹುಡುಗಿಗೆ ನೆಲದ ಮೇಲೆ ಬರೆದ ಮಂತ್ರವೃತ್ತದೊಳಗೆ ಕಾಲಿಟ್ಟ ಯೋಕಾಯ್ ಮಾತ್ರ ಕಾಣುತ್ತದೆ. ಗುಡಿಯ ಅರ್ಚಕರ ಮಗನಾದ ತನುಮಾನಿಗೆ ಬರಿಯ ನೆರಳು ಕಾಣುತ್ತದೆ: ಅವನ ಮನೆಯ ಅಂಗಳದಲ್ಲಿ ಯೋಕಾಯ್‌ಗಳ ಕೊಳವೊಂದಿದೆ, ನಾತ್ಸುಮೆಗೆ ಅದರ ನೀರು, ಮೀನು ಎಲ್ಲವೂ ಸ್ಪಷ್ಟ, ತನುಮಾ ಮಾತ್ರ ಕೋಣೆಯ ಸೂರಿನ ಮೇಲೆ ಆಡುವ ನೀರಿನ ನೆಳಲನ್ನು ದಿಟ್ಟಿಸುತ್ತಾ ಮಲಗಿರುತ್ತಾನೆ. ಇಬ್ಬರೂ ಒಂದೇ ಕೋಣೆಯಲ್ಲಿ ಕುಳಿತು ತಲೆಯೆತ್ತಿ, ಒಂದೇ ಕೊಳದ ಬೇರೆ ಬೇರೆ ಪಾಲು ನೋಡುವ ದೃಶ್ಯದಲ್ಲಿ ಹೊಡೆದಾಟವಿಲ್ಲ, ಅಳುವಿಲ್ಲ. ನಿಮ್ಮನ್ನು ಹಿಡಿದಿಟ್ಟಿರುವುದು ಬಹುಶಃ ಇಂಥದ್ದೇ.

ಪ್ರಶ್ನೆ: ಹತ್ತು ವರ್ಷದ ಮಗಳಿಗೆ ತೋರಿಸಬಹುದೇ?

ಉತ್ತರ: ತೋರಿಸಬಹುದು, ಆದರೆ ಮೊದಲ ಸಲ ಜೊತೆಯಲ್ಲಿ ಕುಳಿತುಕೊಳ್ಳಿ. ರಕ್ತಪಾತ ತೀರಾ ಕಡಿಮೆ. ಯೋಕಾಯ್‌ಗಳನ್ನು ಹಿಡಿದು ದುಡಿಸಿಕೊಳ್ಳುವ ಮತೋಬಾ ಮನೆತನದವರು ಬರುವ ಕಂತುಗಳಲ್ಲಿ, ಅದರಲ್ಲಿಯೂ ಮೂರನೆಯ ಸೀಸನ್ನಿನಿಂದ ಮುಂದೆ, ಮಕ್ಕಳು ಬೆಚ್ಚುವಂಥ ಆಕಾರಗಳಿವೆ. ಭಯಕ್ಕಿಂತ ಅಗಲಿಕೆಯ ಪ್ರಸಂಗಗಳೇ ಮಕ್ಕಳನ್ನು ಹೆಚ್ಚು ಕಾಡಬಹುದು.

ಪ್ರಶ್ನೆ: ನಾತ್ಸುಮೆಯ ಜೊತೆಗಿರುವ ಆ ದಪ್ಪ ಬೆಕ್ಕು ನಿಜವಾಗಿ ಏನು?

ಉತ್ತರ: ಅದು ಮದಾರಾ ಎಂಬ ಬಲಿಷ್ಠ ಯೋಕಾಯ್; ಬಿಳಿಯ ತೋಳದಂಥ ದೊಡ್ಡ ಮೃಗ ಅದರ ನಿಜರೂಪ. ಅಂಗಡಿಗಳ ಮುಂದೆ ಪಂಜ ಎತ್ತಿ ಗಿರಾಕಿಗಳನ್ನು ಕರೆಯುವ ಮಾನೆಕಿ ನೆಕೊ ಎಂಬ ಬೆಕ್ಕಿನ ಬೊಂಬೆಯೊಳಗೆ ಬಹುಕಾಲ ಬಂಧಿಯಾಗಿದ್ದು, ಆ ಆಕಾರಕ್ಕೇ ಒಗ್ಗಿಹೋಗಿದೆ. ನಾತ್ಸುಮೆ ಸತ್ತರೆ ಪುಸ್ತಕ ತನಗೆ ಸೇರಬೇಕೆಂಬ ಕರಾರಿನ ಮೇಲೆ ಅಂಗರಕ್ಷಕನಾಗಿ ನಿಂತಿದೆ; ಹೆಂಡ ಕುಡಿದು, ಮಾಂಜೂ ಎಂಬ ಸಿಹಿತಿಂಡಿ ತಿಂದು ಮಲಗುವುದು ಅದರ ಮುಖ್ಯ ಉದ್ಯೋಗ. ಎರಡೂ ರೂಪಗಳಿಗೆ ಧ್ವನಿ ಕೊಟ್ಟವರು ಕಾಜುಹಿಕೊ ಇನೋವೆ ಒಬ್ಬರೇ. ಕೀರಲು ದನಿಯ ಬೆಕ್ಕು ಒಂದೇ ಉಸಿರಿನಲ್ಲಿ ಗಂಭೀರ ಮದಾರಾ ಆಗುವುದನ್ನು ಕೇಳುವುದಕ್ಕಾದರೂ ಜಪಾನೀ ಧ್ವನಿಯಲ್ಲಿಯೇ ನೋಡಿ.

ಪ್ರಶ್ನೆ: ಯಾವ ಕ್ರಮದಲ್ಲಿ ನೋಡಬೇಕು?

ಉತ್ತರ: ಬಂದ ಕ್ರಮದಲ್ಲಿಯೇ. ತಕಾಹಿರೊ ಓಮೋರಿ ನಿರ್ದೇಶನದ ಮೊದಲ ಸೀಸನ್ 2008ರಲ್ಲಿ, ಎರಡನೆಯದು 2009ರಲ್ಲಿ, ಮೂರನೆಯದು 2011ರಲ್ಲಿ, ನಾಲ್ಕನೆಯದು 2012ರಲ್ಲಿ ಬಂದವು. ಇವು ಬ್ರೇನ್ಸ್ ಬೇಸ್ ಸ್ಟುಡಿಯೋದವು. 2016ರ ಐದನೆಯ ಸೀಸನ್ನಿನಿಂದ ಶೂಕಾ ಸ್ಟುಡಿಯೋ ಕೈಗೆತ್ತಿಕೊಂಡಿತು. ಆರನೆಯದು 2017ರಲ್ಲಿ, ಚಲನಚಿತ್ರ 2018ರಲ್ಲಿ, ಏಳನೆಯ ಸೀಸನ್ 2024ರಲ್ಲಿ ಬಂದವು. ಪೂರ್ತಿ ನೋಡುವಷ್ಟು ಸಮಯವಿಲ್ಲದವರು ನಾಲ್ಕನೆಯ ಸೀಸನ್ನಿನವರೆಗೆ ನೋಡಿ ನಿಲ್ಲಿಸಬಹುದು. ನಾತ್ಸುಮೆ ತನ್ನ ತಂದೆಯೊಡನೆ ಇದ್ದ ಮನೆಯನ್ನು ಮತ್ತೆ ಕಾಣಲು ಹೋಗುವ ಅದರ ಕೊನೆಯ ಭಾಗ ಒಂದು ಒಳ್ಳೆಯ ತಂಗುದಾಣ.

ಪ್ರಶ್ನೆ: ಅಲ್ಲಿ ತೋರಿಸುವ ಊರು ನಿಜವಾಗಿ ಇದೆಯೇ?

ಉತ್ತರ: ಕಥೆಯಲ್ಲಿ ಊರಿನ ಹೆಸರು ಹೇಳುವುದಿಲ್ಲ. ಆದರೆ ಆನಿಮೆಯ ಹಿನ್ನೆಲೆ ದೃಶ್ಯಗಳಿಗೆ ಕ್ಯೂಶೂ ದ್ವೀಪದ ಕುಮಾಮೊತೊ ಪ್ರಾಂತದ ದಕ್ಷಿಣದಲ್ಲಿರುವ ಹಿತೊಯೋಶಿ ಮತ್ತು ಅದರ ಸುತ್ತಲಿನ ಹಳ್ಳಿಗಳು ಮಾದರಿಯಾಗಿವೆ, ಲೇಖಕಿಯೂ ಕುಮಾಮೊತೊದವರೇ. ಬೆಟ್ಟಗಳು ಸುತ್ತುವರಿದ ಬಟ್ಟಲಿನಂಥ ಕಣಿವೆ, ನಡುವೆ ಕುಮಾ ನದಿ, ಗದ್ದೆಗಳ ನಡುವೆ ಪೊದೆಯೊಳಗೆ ಹುದುಗಿದ ಸಣ್ಣ ಗುಡಿಗಳು, ಇವೆಲ್ಲ ಅಲ್ಲಿಯವೇ. ಪಟ್ಟಣದ ಆವೊಯಿ ಆಸೊ ದೇವಾಲಯದ ಕಟ್ಟಡಗಳು ಹದಿನೇಳನೆಯ ಶತಮಾನದ ಆರಂಭದವು. ದಪ್ಪ ಹುಲ್ಲಿನ ಚಾವಣಿಯ ಆ ಕಟ್ಟಡಗಳಿಗೆ ರಾಷ್ಟ್ರೀಯ ನಿಧಿಯ ಮನ್ನಣೆ ಸಿಕ್ಕಿದ್ದು, ಸರಣಿ ಶುರುವಾದ 2008ರಲ್ಲಿಯೇ. ಅಭಿಮಾನಿಗಳು ಕಂತುಗಳಲ್ಲಿ ಕಂಡ ಮೆಟ್ಟಿಲು, ಸೇತುವೆಗಳನ್ನು ಹುಡುಕಿಕೊಂಡು ಹೋಗುವುದು ವರ್ಷಗಳಿಂದ ನಡೆದಿದೆ. 2020ರ ಜುಲೈನಲ್ಲಿ ಕುಮಾ ನದಿ ಉಕ್ಕಿ ಹಿತೊಯೋಶಿ ತೀವ್ರ ಪ್ರವಾಹಕ್ಕೆ ತುತ್ತಾಯಿತು, ರೈಲುಸೇತುವೆಗಳು ಕೊಚ್ಚಿಹೋದವು. ಆದ್ದರಿಂದ ಹಳೆಯ ಪ್ರವಾಸ ಟಿಪ್ಪಣಿಗಳನ್ನು ನಂಬಿ ಹೊರಡದೆ, ರೈಲು ಎಲ್ಲಿಯವರೆಗೆ ಓಡುತ್ತಿದೆಯೆಂದು ವಿಚಾರಿಸಿಕೊಳ್ಳಿ.

ಪ್ರಶ್ನೆ: ಇದೇ ಬಗೆಯ ಮತ್ತಾವುದನ್ನಾದರೂ ಸೂಚಿಸುವಿರಾ?

ಉತ್ತರ: ಎರಡನ್ನು ಹೇಳುತ್ತೇನೆ. 2005ರ ‘ಮುಶಿಶಿ’ 26 ಕಂತುಗಳ ಸರಣಿ. ಗಿಂಕೊ ಎಂಬ ಅಲೆಮಾರಿ, ಮನುಷ್ಯರಿಗೆ ಅಂಟಿಕೊಂಡು ತೊಂದರೆ ಕೊಡುವ ಮುಶಿ ಎಂಬ ಆದಿಮ ಜೀವಿಗಳ ಗುಣ ತಿಳಿದು ಪರಿಹಾರ ಹುಡುಕುತ್ತಾ ಹಳೆಯ ಕಾಲದ ಜಪಾನಿನ ಹಳ್ಳಿಗಳಲ್ಲಿ ತಿರುಗುತ್ತಾನೆ. ಇದು ನಾತ್ಸುಮೆಗಿಂತ ಶೀತಲ, ನಗುವಿಗೆ ಅವಕಾಶ ಕಡಿಮೆ. ಇನ್ನೊಂದು 2011ರ ‘ಹೊತಾರುಬಿ ನೊ ಮೊರಿ ಎ’, ಮಿದೋರಿಕಾವಾ ಅವರದೇ ಕಥೆ, ಓಮೋರಿ ಅವರದೇ ನಿರ್ದೇಶನ, ಮುಕ್ಕಾಲು ಗಂಟೆಯ ಚಿತ್ರ. ಬೇಸಿಗೆ ರಜೆಯಲ್ಲಿ ಕಾಡಿನಲ್ಲಿ ದಾರಿ ತಪ್ಪಿದ ಪುಟ್ಟ ಹುಡುಗಿಗೆ ನರಿಯ ಮುಖವಾಡ ತೊಟ್ಟ ಗಿನ್ ಎಂಬ ಯುವಕ ದಾರಿ ತೋರಿಸುತ್ತಾನೆ. ಮನುಷ್ಯರು ಮುಟ್ಟಿದರೆ ಅವನು ಇಲ್ಲವಾಗುತ್ತಾನೆ, ಹಾಗಾಗಿ ವರ್ಷವರ್ಷವೂ ಇಬ್ಬರೂ ಒಂದು ಕಡ್ಡಿಯ ಎರಡು ತುದಿ ಹಿಡಿದು, ಇಲ್ಲವೇ ಬಟ್ಟೆಯ ತುಂಡೊಂದರಿಂದ ಕೈ ಕಟ್ಟಿಕೊಂಡು ನಡೆಯುತ್ತಾರೆ. ಎರಡರಲ್ಲಿ ಒಂದನ್ನು ಮೊದಲು ನೋಡುವುದಾದರೆ ಈ ಚಿತ್ರವನ್ನೇ ನೋಡಿ, ಒಂದು ಸಂಜೆಗೆ ಮುಗಿಯುತ್ತದೆ. ‘ಮುಶಿಶಿ’ಯ ಕಂತುಗಳು ಬಹುಮಟ್ಟಿಗೆ ಬಿಡಿಬಿಡಿಯಾಗಿರುವುದರಿಂದ ಅದನ್ನು ಬಿಡುವಾದಾಗ ಒಂದೊಂದಾಗಿ ನೋಡಬಹುದು.