ಶಾಲೆಗೆ ಫೋನು ಕೊಟ್ಟು ಕಳಿಸೋದಾ? ಎದುರಿನ ಜೆರಾಕ್ಸ್ ಅಂಗಡಿಯವನ ಉತ್ತರ

ಮಗಳು ಒಂಬತ್ತನೇ ಕ್ಲಾಸು, ಹಳ್ಳಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಾಳೆ, ಶಾಲೆಗೆ ಫೋನು ಕೊಟ್ಟು ಕಳಿಸಲೋ ಬೇಡವೋ ಅಂತ ಕೇಳಿದ್ದೀರಿ. ನಾನು ಮೇಷ್ಟ್ರಲ್ಲ, ಡಾಕ್ಟರೂ ಅಲ್ಲ. ಶಿಡ್ಲಘಟ್ಟದಲ್ಲಿ ಒಂದು ಹೈಸ್ಕೂಲಿನ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಆದರೂ ಬಾಯಿ ಹಾಕುತ್ತಿದ್ದೇನೆ. ಯಾಕಂದ್ರೆ ಆ ಶಾಲೆಯ ಮಕ್ಕಳ ಫೋನುಗಳು ಹಗಲೆಲ್ಲ ಇರುವುದು ನನ್ನ ಟೇಬಲ್ ಕೆಳಗಿನ ಬಿಸ್ಕತ್ ಡಬ್ಬಿಯಲ್ಲಿ.

ಶಾಲೆಗೆ ಮೊಬೈಲ್ ತರಬಾರದು ಅಂತ ರೂಲ್ಸು. ಮಕ್ಕಳು ತರುತ್ತಾರೆ. ಗೇಟಿನ ತನಕ ಜೇಬಲ್ಲಿ, ಆಮೇಲೆ ನನ್ನ ಡಬ್ಬಿಯಲ್ಲಿ. ಮೊದಲು ಒಬ್ಬ ಹುಡುಗ ಬಂದು "ಅಂಕಲ್, ಇವತ್ತೊಂದಿನ ಇಟ್ಕೊಳ್ಳಿ" ಅಂದ. ಈಗ ದಿನಕ್ಕೆ ಹದಿನೈದು, ಇಪ್ಪತ್ತು ಫೋನು. ದುಡ್ಡು ಇಸ್ಕೊಳ್ಳುವುದಿಲ್ಲ. ಸಂಜೆ ವಾಪಸ್ ತಗೊಳ್ಳುವಾಗ ಒಂದು ಪೆನ್ನೋ ಚಾಕ್ಲೇಟೋ ಕೊಳ್ಳುತ್ತಾರೆ, ನನಗೂ ವ್ಯಾಪಾರ ಅಲ್ವಾ.

ನನ್ನ ಉತ್ತರ ಇಷ್ಟು: ಫೋನು ಕೊಡಿ, ಆದರೆ ದಾರಿಗೆ ಕೊಡಿ, ಕ್ಲಾಸಿಗೆ ಬೇಡ. ದಾರಿಗೆ ಅಂದಮೇಲೆ ಕೀಪ್ಯಾಡ್ ಸೆಟ್ಟೇ ಸಾಕು.

ಈ ತೀರ್ಮಾನಕ್ಕೆ ಬಂದದ್ದು ಆ ಡಬ್ಬಿಯ ಸದ್ದು ಕೇಳಿ ಕೇಳಿ. ಬೆಳಿಗ್ಗೆ ಹತ್ತರಿಂದ ಅದು ಜೇನುಗೂಡಿನ ಹಾಗೆ ಗುಂಯ್ ಅನ್ನುತ್ತಲೇ ಇರುತ್ತದೆ. ಟಿಣ್, ಟಿಣ್. ಯಾವುದೋ ಗ್ರೂಪಿನ ಮೆಸೇಜು, ಯಾರೋ ಕಳಿಸಿದ ರೀಲ್ಸು, ಗೇಮಿನವರ "ವಾಪಸ್ ಬಾ" ಅನ್ನೋ ಕರೆ. ಒಂದು ದಿನ ಜೆರಾಕ್ಸ್ ಹೊಡೆಯುತ್ತಾ ಸುಮ್ನೆ ಎಣಿಸಿದೆ. ಅರ್ಧ ಗಂಟೆಯಲ್ಲಿ ಮೂವತ್ತು ದಾಟಿತು, ಎಣಿಸೋದು ಬಿಟ್ಟೆ. ಅಷ್ಟರಲ್ಲಿ ನಾನೇ ಎರಡು ಸಲ ತಪ್ಪು ಪುಟ ಜೆರಾಕ್ಸ್ ತೆಗೆದಿದ್ದೆ! ಯುನೆಸ್ಕೋದವರ 2023ರ ವರದಿಯಲ್ಲಿ, ಒಮ್ಮೆ ಫೋನಿನ ಕಡೆ ಗಮನ ಹೋದರೆ ಮತ್ತೆ ಪಾಠಕ್ಕೆ ಮನಸ್ಸು ಕೂರಲು 20 ನಿಮಿಷದವರೆಗೂ ಹಿಡಿಯಬಹುದು ಅಂತ ಇದೆ. ಎದುರಿನ ಶಾಲೆಯ ಪೀರಿಯಡ್ಡು 40 ನಿಮಿಷ. ಲೆಕ್ಕ ನೀವೇ ಹಾಕಿ.

ಆದರೆ ಸಂಜೆ ನಾಲ್ಕೂವರೆ ಆದಮೇಲೆ ಅದೇ ಡಬ್ಬಿಯಿಂದ ಬೇರೆ ಸದ್ದು ಬರುತ್ತದೆ. ರಿಂಗು. ಸ್ಕ್ರೀನ್ ಮೇಲೆ "ಅಮ್ಮ" ಅಂತ ಇರುತ್ತದೆ. ಸ್ಪೆಷಲ್ ಕ್ಲಾಸ್ ಇದ್ದು ಮಕ್ಕಳು ಇನ್ನೂ ಹೊರಗೆ ಬಂದಿರುವುದಿಲ್ಲ. ನಾಲ್ಕೈದು ಸಲ ಬಡಿದುಕೊಂಡರೆ ನಾನೇ ಎತ್ತುತ್ತೇನೆ. ಹಿಂದುಗಡೆ ಫಿಲೇಚರ್ ಮೆಷಿನ್ ತಿರುಗುವ ಶಬ್ದ. ನಮ್ಮೂರಲ್ಲಿ ಎಷ್ಟೋ ತಾಯಂದಿರು ರೇಷ್ಮೆ ಬಿಚ್ಚುವ ಕೆಲಸದವರು, ದಿನವಿಡೀ ಬಿಸಿನೀರಿನಲ್ಲಿ ಕೈ. "ಅಣ್ಣಾ, ನಮ್ಮ ಹುಡುಗಿ ಬಸ್ಸು ಹತ್ತಿದ್ಲಾ?" "ಇನ್ನೂ ಬಿಟ್ಟಿಲ್ಲಮ್ಮಾ, ಕ್ಲಾಸು ನಡೀತಿದೆ" ಅಂದರೆ ಆ ಕಡೆಯಿಂದ ಒಂದು ಉಸಿರು ಕೇಳುತ್ತದೆ ನೋಡಿ. ಅದನ್ನು ಕೇಳಿದ ಮೇಲೆ ಮಕ್ಕಳಿಗೆ ಫೋನೇ ಬೇಡ ಅನ್ನೋ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ದುಡ್ಡಿಲ್ಲ, ಒಳ್ಳೆಯದೇ ಆಯಿತು. ಆದರೆ ತುಂಬಿದ ಬಸ್ಸು ಮಕ್ಕಳನ್ನು ಬಿಟ್ಟು ಹೋಗುತ್ತದೆ, ಇನ್ನೊಂದು ಬರುವಷ್ಟರಲ್ಲಿ ಕತ್ತಲಾಗುತ್ತದೆ.

ಈ ಫೋನನ್ನು ಮಕ್ಕಳ ಕೈಗೆ ಕೊಟ್ಟವರು ಯಾರು ಅನ್ನುವುದನ್ನೂ ನೆನಪಿಟ್ಟುಕೊಳ್ಳಿ. 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿತಲ್ಲ, ಆಗ ನಾವೇ ಕೊಟ್ಟಿದ್ದು. ಮೇಷ್ಟ್ರುಗಳೇ ಮಕ್ಕಳಿದ್ದ ಕಡೆ ಹೋಗಿ ಪಾಠ ಮಾಡಲಿ ಅಂತ ಸರ್ಕಾರ ವಿದ್ಯಾಗಮ ಮಾಡಿತು, ಚಂದನ ಟಿವಿಯಲ್ಲಿ ಪಾಠ ಬರುತ್ತಿತ್ತು. ಆದರೂ "ಆನ್‌ಲೈನ್ ಕ್ಲಾಸು" ಅಂತ ಓಲೆ ಗಿರವಿ ಇಟ್ಟು ಫೋನು ತಂದವರನ್ನು ನಾನು ನೋಡಿದ್ದೇನೆ. ಸಿಮ್ ಹಾಕಿಕೊಟ್ಟವನೂ ನಾನೇ. ಶಾಲೆ ತೆರೆಯಿತು, ಫೋನು ಮಾತ್ರ ಕೈಯಲ್ಲೇ ಉಳಿಯಿತು. ಹಳ್ಳಿ ಮಕ್ಕಳ ಬಗೆಗಿನ 2024ರ ಅಸರ್ ವರದಿ ಪ್ರಕಾರ, ಸ್ಮಾರ್ಟ್‌ಫೋನು ಬಳಸಲು ಬರುವ 14ರಿಂದ 16 ವರ್ಷದವರಲ್ಲಿ ಹಿಂದಿನ ಒಂದು ವಾರದಲ್ಲಿ ಓದಿಗೆ ಬಳಸಿದವರು ನೂರಕ್ಕೆ 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು 76. ನನ್ನ ಡಬ್ಬಿಯಲ್ಲಿ ಕೇಳಿದ್ದರೆ ಇನ್ನೂ ಜಾಸ್ತಿ ಹೇಳುತ್ತಿತ್ತು.

ಮೊಬೈಲ್ ತರಬೇಡ ಅನ್ನುವ ಶಾಲೆಯೇ ಹೋಂವರ್ಕನ್ನು ವಾಟ್ಸಾಪ್ ಗ್ರೂಪಿಗೆ ಹಾಕುತ್ತದೆ. ಸಂಜೆ ಮಕ್ಕಳು ಅದನ್ನೇ ನನ್ನ ಹತ್ತಿರ ಪ್ರಿಂಟ್ ತೆಗೆಸುತ್ತಾರೆ. ನನಗೆ ಲಾಭ, ಅದಕ್ಕೇ ಜಾಸ್ತಿ ಮಾತಾಡುವುದಿಲ್ಲ.

ಇನ್ನು ನನ್ನದೇ ಒಂದು ತಪ್ಪು ಹೇಳಬೇಕು. ಹೋದ ವರ್ಷ ಪರೀಕ್ಷೆ ಅರ್ಜಿಗಳ ಗಲಾಟೆ, ಅಂಗಡಿ ತುಂಬ ಜನ. ಒಂದೇ ಕಂಪನಿಯ, ಒಂದೇ ಕಪ್ಪು ಕವರಿನ ಎರಡು ಫೋನು ಅದಲು ಬದಲಾಗಿ ಕೊಟ್ಟುಬಿಟ್ಟೆ. ಹುಡುಗಿಯ ಫೋನು ಒಬ್ಬ ಹುಡುಗನ ಜೇಬು ಸೇರಿ ಬೇರೆ ಊರಿಗೆ ಹೋಯಿತು. ರಾತ್ರಿ ಎಂಟೂವರೆಗೆ ಹುಡುಗಿಯ ಅಪ್ಪ ನಮ್ಮ ಮನೆ ಬಾಗಿಲಲ್ಲಿ. ಪುಣ್ಯಕ್ಕೆ ಲಾಕ್ ಇತ್ತು, ಆ ಹುಡುಗನೂ ಒಳ್ಳೆಯವನು, ಬೆಳಿಗ್ಗೆ ಮೊದಲ ಬಸ್ಸಿಗೇ ತಂದುಕೊಟ್ಟ. ತಪ್ಪು ನನ್ನದು ಅಂತ ಕೈಮುಗಿದು ಹೇಳಿದೆ. ಆದರೂ ಆ ಹುಡುಗಿ ಮೂರು ದಿನ ಶಾಲೆಗೆ ಬರಲಿಲ್ಲ. ಬಂದ ಮೇಲೂ ಅವಳ ಕೈಯಲ್ಲಿ ಫೋನಿರಲಿಲ್ಲ. ಹುಡುಗನ ಫೋನು ಮಾತ್ರ ಮಾರನೇ ದಿನವೇ ಡಬ್ಬಿಗೆ ಬಂತು.

ಆಮೇಲೆ ನಂಬರು ಬರೆದ ಪ್ಲಾಸ್ಟಿಕ್ ಬಿಲ್ಲೆ ಮಾಡಿಸಿದೆ. ಒಂದು ಫೋನಿಗೆ ಕಟ್ಟುವುದು, ಒಂದು ಮಗುವಿನ ಕೈಗೆ. ಅದನ್ನೇ ಹಿಡಿದುಕೊಂಡು ಹೆಡ್‌ಮಾಸ್ಟರ ಹತ್ತಿರ ಹೋದೆ. "ಸಾರ್, ಆಫೀಸಲ್ಲಿ ಒಂದು ಬೀರು ಇಟ್ಟು ನೀವೇ ಇಸ್ಕೊಳ್ಳಿ, ಬಿಲ್ಲೆ ನಾನು ಕೊಡ್ತೀನಿ" ಅಂದೆ. "ಒಂದು ಕಳೆದ್ರೆ ಉತ್ತರ ಕೊಡೋನು ನಾನಲ್ವೇನಪ್ಪಾ" ಅಂದರು. ಅವರ ಮಾತೂ ಸುಳ್ಳಲ್ಲ. ಆದರೆ ನಿಯಮ ಮಾಡಿದ ಮೇಲೆ ಆ ಹೊಣೆ ಬಿಸ್ಕತ್ ಡಬ್ಬಿಯದ್ದಾ? 2025ರಲ್ಲಿ ದೆಹಲಿ ಹೈಕೋರ್ಟು ಒಬ್ಬ ವಿದ್ಯಾರ್ಥಿಯ ಕೇಸಿನಲ್ಲಿ ಇದನ್ನೇ ಹೇಳಿತ್ತು: ಪೂರ್ತಿ ನಿಷೇಧ ನಡೆಯುವ ಮಾತಲ್ಲ, ಸಾಧ್ಯವಿದ್ದ ಕಡೆ ಬೆಳಿಗ್ಗೆ ಫೋನು ಇಸಿದುಕೊಂಡು ಸಂಜೆ ಕೊಡಿ ಅಂತ. ಫ್ರಾನ್ಸಿನವರು 2018ರಲ್ಲೇ ಕಾನೂನು ಮಾಡಿದರು, ಶಾಲೆಯಲ್ಲಿ ಫೋನು ಬಳಸಬಾರದು ಅಂತ. ಅಲ್ಲೂ ಬರೀ ನಿಯಮ ಸಾಲದೆ, 2024ರಲ್ಲಿ ಸುಮಾರು 200 ಶಾಲೆಗಳಲ್ಲಿ ಬಂದ ತಕ್ಷಣ ಫೋನು ಒಪ್ಪಿಸುವ ಪ್ರಯೋಗ ಶುರು ಮಾಡಿದರು.

ಹಾಗಾಗಿ ನಿಮ್ಮ ಮಗಳ ಶಾಲೆಯಲ್ಲಿ ಮೊದಲು ಇದನ್ನು ಕೇಳಿ: ಬೆಳಿಗ್ಗೆ ಫೋನು ಇಟ್ಟುಕೊಳ್ಳುತ್ತೀರಾ? ಒಬ್ಬರೇ ಕೇಳಬೇಡಿ, ನಾಲ್ಕು ಜನ ತಂದೆ ತಾಯಿ ಸೇರಿಕೊಂಡು ಹೋಗಿ.

ಫೋನಿನ ವಿಚಾರಕ್ಕೆ ಬಂದರೆ, ಕೀಪ್ಯಾಡ್ ಸೆಟ್ಟಿಗೆ ಚಾರ್ಜು ಎರಡು ಮೂರು ದಿನ ಬರುತ್ತದೆ, ಬಿದ್ದರೂ ಒಡೆಯುವುದಿಲ್ಲ, ಕದಿಯೋಕೆ ಯಾರಿಗೂ ಆಸೆ ಆಗುವುದಿಲ್ಲ. ನೆಟ್ಟಿಲ್ಲದೆ ಬರೀ ಮಾತು, ಎಸ್‌ಎಂಎಸ್‌ಗೆ ಅಂತ ಪ್ಯಾಕುಗಳು 2025ರಿಂದ ಬಂದಿವೆ, ಅಂಗಡಿಯಲ್ಲಿ ಕೇಳಿ ಹಾಕಿಸಿ. ನಾವು ರೀಚಾರ್ಜಿನವರು ತಾನಾಗಿ ಅದನ್ನು ಹೇಳುವುದು ಕಡಿಮೆ! ನಿಮ್ಮ ನಂಬರಿನ ಜೊತೆ ಮಕ್ಕಳ ಸಹಾಯವಾಣಿ 1098 ಮತ್ತು 112 ಸೇವ್ ಮಾಡಿಕೊಡಿ. ಹಾಗೇ ನಿಮ್ಮ ನಂಬರು ಬಾಯಿಪಾಠ ಮಾಡಿಸಿ. ಫೋನು ಆಫ್ ಆದ ಮಕ್ಕಳು ನನ್ನ ಫೋನು ಕೇಳುತ್ತಾರೆ, ಕೊಟ್ಟರೆ ಅಮ್ಮನ ನಂಬರು ಗೊತ್ತಿರುವುದಿಲ್ಲ. "ಅಮ್ಮ ಅಂತ ಸೇವ್ ಆಗಿತ್ತು ಅಂಕಲ್" ಅನ್ನುತ್ತಾರೆ.

ಗೆಳತಿಯರೆಲ್ಲ ದೊಡ್ಡ ಫೋನು ಇಟ್ಟಿರುವಾಗ ಚಿಕ್ಕ ಸೆಟ್ಟು ನಾಚಿಕೆ ಅಂತ ಮಗಳು ಮುಖ ಊದಿಸಬಹುದು. ಊದಿಸಲಿ, ಒಂದು ತಿಂಗಳು. ನನ್ನ ಡಬ್ಬಿಯಲ್ಲಿ ಈಗ ಒಂದೇ ಒಂದು ಕೀಪ್ಯಾಡ್ ಸೆಟ್ಟಿದೆ, ರಬ್ಬರ್ ಬ್ಯಾಂಡ್ ಸುತ್ತಿದ್ದು. ಅದೇ ಆ ಅದಲು ಬದಲಾದ ಹುಡುಗಿಯದ್ದು. ತಿಂಗಳು ಕಳೆದ ಮೇಲೆ ಅವಳ ಅಮ್ಮ ತಂದುಕೊಟ್ಟರಂತೆ. ಅವರಿಬ್ಬರದ್ದು ಮಿಸ್ಡ್ ಕಾಲ್ ಲೆಕ್ಕ: ಬಸ್ಸು ಹತ್ತಿದರೆ ಒಂದು, ಇಳಿದರೆ ಎರಡು. ಸಂಜೆ ನನ್ನ ಅಂಗಡಿ ಮುಂದೆ ನಿಂತು ಅವಳು ಒಂದು ಒತ್ತಿ ಕಟ್ ಮಾಡುತ್ತಾಳೆ. "ಇನ್ನೂ ಬಸ್ಸೇ ಬಂದಿಲ್ವಲ್ಲೇ" ಅಂದರೆ, "ಸುಮ್ನಿರಿ ಅಂಕಲ್, ಅಮ್ಮ ಕೆಲಸದಲ್ಲಿ ಗಾಬರಿಯಾಗ್ತಾರೆ" ಅನ್ನುತ್ತಾಳೆ.