ಉ: 100 ಲೀಟರ್ ಉಪ್ಪುನೀರಿನ ಟ್ಯಾಂಕಿಗೆ ಯಾವ ಮೀನು?

ಕ್ಲೌನ್ ಜೋಡಿ, ಬ್ಲೂ ಟ್ಯಾಂಗ್, ಡ್ಯಾಮ್ಸೆಲ್ ಒಟ್ಟಿಗೆ ಇಡಬಹುದಾ ಅಂತ ಕೇಳಿದ್ದೀರಿ. ಕ್ಲೌನ್ ಧಾರಾಳವಾಗಿ ಇಡಿ, ಉಳಿದೆರಡು ಬೇಡ. ಬ್ಲೂ ಟ್ಯಾಂಗ್ ಕೊಳ್ಳುವಾಗ ಪುಟ್ಟದೇ, ಬೆಳೆದರೆ 30 ಸೆಂ.ಮೀ. ವರೆಗೂ ಹೋಗುತ್ತೆ. ಡ್ಯಾಮ್ಸೆಲ್ ಗಟ್ಟಿ ಮೀನು ನಿಜ, ಆದರೆ ಒಂದು ಕಲ್ಲಿನ ಸಂದಿ ತನ್ನದು ಅಂದುಕೊಂಡಿತೋ, ಆಮೇಲೆ ಬಂದ ಮೀನನ್ನೆಲ್ಲ ರೆಕ್ಕೆ ಹರಿಯೋವರೆಗೂ ಅಟ್ಟಾಡಿಸುತ್ತೆ. ಹಿಡಿದು ತೆಗೆಯೋಣ ಅಂದರೆ ಕಲ್ಲೆಲ್ಲ ಎತ್ತಬೇಕು, ಬೇಡಪ್ಪಾ ಆ ಸಹವಾಸ!

ಬದಲಿಗೆ ಒಂದು ಫೈರ್‌ಫಿಶ್ ತನ್ನಿ. ಸಾಧು ಸ್ವಭಾವ, ಆದರೆ ಬೆದರಿದರೆ ಹೊರಗೆ ಹಾರುತ್ತೆ, ಜಾಲರಿ ಮುಚ್ಚಳ ಬೇಕೇಬೇಕು. ಅದನ್ನು ಮೊದಲು ಬಿಟ್ಟು, ಕೆಲವು ವಾರದ ನಂತರ ಕ್ಲೌನ್ ಬಿಡಿ. ಕ್ಲೌನ್ ಒಂದೇ ಜಾತಿಯವು, ಒಂದು ದೊಡ್ಡದು ಒಂದು ಚಿಕ್ಕದು ಇರಲಿ: ದೊಡ್ಡದು ಹೆಣ್ಣಾಗುತ್ತೆ, ಜಗಳ ಕಮ್ಮಿ. ನೀರಿನಲ್ಲಿ ಮೀನಿಗೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯೋವರೆಗೆ ಯಾವ ಮೀನನ್ನೂ ತರಬೇಡಿ.